ಅದು ದೇವದಾರು ಅಲ್ಲ, ಜುನಿಪರ್

ಪ್ರಶ್ನೆ: ನಾವು ಅರಿಝೋನಾದ ಫೀನಿಕ್ಸ್‌ನಲ್ಲಿದ್ದೇವೆ. ಹೋದ ರಜೆಯಲ್ಲಿ ಮಾನ್ಯುಮೆಂಟ್ ವ್ಯಾಲಿ ನೋಡಲು ಹೋಗಿದ್ದೆವು. ರಸ್ತೆ ಪಕ್ಕ ಅಂಗಡಿ ಹಾಕಿದ್ದ ನವಾಹೊ ಅಜ್ಜಿಯೊಬ್ಬರಿಂದ ಕಂದು ಬೀಜಗಳ ಬಳೆ ಕೊಂಡೆವು. 'ಸೀಡರ್ ಬೀಜ, ಮಗುವಿಗೆ ಕಟ್ಟಿ, ಕೆಟ್ಟ ಕನಸು ಬೀಳಲ್ಲ' ಅಂದರು. ಆಮೇಲೆ ತಿಂದ ನೀಲಿ ಮೆಕ್ಕೆಜೋಳದ ಗಂಜಿಯಲ್ಲೂ ಅದೇ ಮರದ ಬೂದಿ ಇದೆ ಅಂತ ಗೊತ್ತಾಯಿತು. ಸೀಡರ್ ಅಂದರೆ ನಮ್ಮ ದೇವದಾರುವಾ? ಬೂದಿ ತಿಂದರೆ ಏನೂ ಆಗಲ್ವಾ? ಈ ಮರದ ಕಷಾಯವನ್ನು ಬಾಣಂತಿಯರಿಗೆ ಕೊಡುತ್ತಿದ್ದರು ಅಂತ ಎಲ್ಲೋ ಓದಿದೆ. ಆನ್‌ಲೈನ್‌ನಲ್ಲಿ ಒಣಗಿದ ಜುನಿಪರ್ ಹಣ್ಣು ಸಿಗುತ್ತದೆ. ನನ್ನ ತಂಗಿ ಈಗ ಬಾಣಂತಿ. ಮಾಡಿ ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಅವಸರವಿದೆ. ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ಪ್ಯಾಕೆಟ್ ತರಿಸಿಬಿಟ್ಟಿದ್ದರೆ ಸದ್ಯ ಡಬ್ಬಿಯಲ್ಲೇ ಇರಲಿ.

ಈಗ ಹೆಸರಿನ ಗೊಂದಲ. ಅಜ್ಜಿ ಸೀಡರ್ ಅಂದದ್ದು ಸುಳ್ಳಲ್ಲ. ಅಮೆರಿಕದ ಆ ಭಾಗದಲ್ಲಿ ಎಲ್ಲರೂ ಜುನಿಪರ್ ಮರವನ್ನು ಆಡುಮಾತಿನಲ್ಲಿ ಸೀಡರ್ ಅಂತಲೇ ಕರೆಯುತ್ತಾರೆ. ಆದರೆ ನಿಘಂಟು ತೆರೆದು ಸೀಡರ್ ಅಂದರೆ ದೇವದಾರು ಎಂದುಕೊಂಡರೆ ದಾರಿ ತಪ್ಪುತ್ತದೆ. ಹಿಮಾಲಯದ ದೇವದಾರು ಪೈನ್ ಕುಟುಂಬದ್ದು. ಜುನಿಪರ್ ಸೈಪ್ರೆಸ್ ಕುಟುಂಬದ್ದು. ಎರಡೂ ಪರಿಮಳದ ಮರಗಳು, ಅಷ್ಟೇ. ಜುನಿಪರ್ ವಾಸನೆ ನಿಮಗೆ ಆಗಲೇ ಗೊತ್ತಿರಬಹುದು. ಹಿಂದೆ ಒಳ್ಳೇ ಪೆನ್ಸಿಲ್‌ಗಳನ್ನು ಅಮೆರಿಕದ 'ಕೆಂಪು ಸೀಡರ್' ಮರದಿಂದ ಮಾಡುತ್ತಿದ್ದರು. ಅದೂ ಜುನಿಪರ್ರೇ. ಪೆನ್ಸಿಲ್ ಚೂಪು ಮಾಡುವಾಗ ಬರುತ್ತಿದ್ದ ಆ ಸಿಹಿ ಮರದ ವಾಸನೆ ನೆನಪಿದೆಯಾ? ಅದೇ.

ನವಾಹೊ ಜನ ತಮ್ಮನ್ನು ದಿನೆ ಎಂದು ಕರೆದುಕೊಳ್ಳುತ್ತಾರೆ. ಜನ ಅಂತಲೇ ಅದರ ಅರ್ಥ. ಅವರ ಭಾಷೆಯಲ್ಲಿ ಜುನಿಪರ್‌ಗೆ ಗದ್ ಎಂದು ಹೆಸರು. ಅರಿಝೋನಾ, ನ್ಯೂ ಮೆಕ್ಸಿಕೋ, ಯೂಟಾ ಮೂರು ರಾಜ್ಯಗಳಲ್ಲಿ ಹರಡಿರುವ ಅವರ ನಾಡು ಸುಮಾರು 70,000 ಚದರ ಕಿಲೋಮೀಟರ್. ನೀವು ಫ್ಲ್ಯಾಗ್‌ಸ್ಟಾಫ್ ದಾಟಿ ಉತ್ತರಕ್ಕೆ ಹೋಗುವಾಗ ಕೆಂಪು ನೆಲದ ಮೇಲೆ ಅಲ್ಲಲ್ಲಿ ಕುಳಿತಂತಿರುವ ಗಿಡ್ಡ, ತಿರುಚಿದ ಮರಗಳನ್ನು ನೋಡಿರುತ್ತೀರಿ. ಅವೇ ಗದ್. ಹೆಚ್ಚಿನವು ಯೂಟಾ ಜುನಿಪರ್ ಮತ್ತು ಒಂಟಿಬೀಜದ ಜುನಿಪರ್ ಎಂಬ ಎರಡು ಜಾತಿಯವು. ಜೊತೆಗೆ ಪಿನ್ಯೋನ್ ಎಂಬ ಪುಟ್ಟ ಪೈನ್ ಮರವೂ ಬೆಳೆಯುತ್ತದೆ. ಮಳೆ ಕಡಿಮೆ, ಚಳಿ ಜಾಸ್ತಿ ಇರುವ ಎತ್ತರದ ನೆಲದಲ್ಲಿ ಇವೆರಡೇ ಕಾಡು. ಮನೆಗೆ ತೊಲೆ, ಬೇಲಿಗೆ ಕಂಬ, ಒಲೆಗೆ ಸೌದೆ ಎಲ್ಲ ಇದರಿಂದಲೇ ಬರಬೇಕು. ಹೋಗನ್ ಎಂಬ ಅವರ ಮನೆಯನ್ನು ಹಳೇ ಕ್ರಮದಲ್ಲಿ ಕಟ್ಟುವಾಗ ಜುನಿಪರ್ ದಿಮ್ಮಿ ಜೋಡಿಸಿ, ಸಂದಿಗೆ ಅದರ ನಾರುತೊಗಟೆ ತುರುಕಿ, ಮೇಲೆ ಮಣ್ಣು ಮೆತ್ತುತ್ತಾರೆ. ಬಾಗಿಲು ಯಾವಾಗಲೂ ಪೂರ್ವಕ್ಕೆ.

ಈಗ ಬೂದಿಗೆ ಬರೋಣ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು.

ಅಡುಗೆಯ ಬೂದಿ ಅಂದರೆ ಒಲೆಯ ಬೂದಿ ಅಲ್ಲ. ಕಾಂಡ, ದಪ್ಪ ಸೌದೆ ಇದಕ್ಕೆ ಬರುವುದಿಲ್ಲ. ಹಸಿರು ಎಲೆ ತುಂಬಿದ ತುದಿಕೊಂಬೆಗಳನ್ನು ಮುರಿದು ತರುತ್ತಾರೆ. ಸ್ವಚ್ಛವಾದ ತಂತಿ ಜಾಲರಿಯ ಮೇಲೋ ಬಾಣಲೆಯಲ್ಲೋ ಇಟ್ಟು ಪೂರ್ತಿ ಸುಡುತ್ತಾರೆ. ಹಸಿರೆಲೆಯಲ್ಲಿ ಎಣ್ಣೆ ಇರುವುದರಿಂದ ಚಟಚಟ ಎಂದು ಬೇಗ ಹೊತ್ತಿಕೊಳ್ಳುತ್ತದೆ. ಉಳಿದ ಬೂದಿಯನ್ನು ಜರಡಿ ಹಿಡಿದರೆ ಟಾಲ್ಕಮ್ ಪೌಡರ್ ಹಾಗೆ ನುಣ್ಣಗೆ ಬರುತ್ತದೆ. ಹಳೇ ಕ್ರಮದಲ್ಲಿ ಜರಡಿಯ ಬದಲು ಒಣಹುಲ್ಲಿನ ಕಡ್ಡಿಗಳನ್ನು ಕಟ್ಟಿ ಮಾಡಿದ ಪುಟ್ಟ ಪೊರಕೆ. ಬೂದಿ ಕಲಸಿದ ನೀರನ್ನು ಅದರ ಮೂಲಕ ಸೋಸುತ್ತಾರೆ. ಆ ಜಾತಿಯ ಪೊರಕೆಯಲ್ಲೇ ತಲೆಯನ್ನೂ ಬಾಚಿಕೊಳ್ಳುತ್ತಾರೆ.

ನೀಲಿ ಮೆಕ್ಕೆಜೋಳದ ಹಿಟ್ಟಿನ ಒಂದು ಕಪ್‌ಗೆ ಒಂದು ಸಣ್ಣ ಚಮಚದಷ್ಟು ಬೂದಿ ಸಾಕು. ಬೂದಿಯನ್ನು ಮೊದಲು ನೀರಿನಲ್ಲಿ ಕದಡಿ, ಕುದಿ ಬಂದ ಮೇಲೆ ಹಿಟ್ಟು ಹಾಕಿ, ಗಂಟಾಗದಂತೆ ತಿರುವುತ್ತಾರೆ. ತಿರುವುವ ಕೋಲಿಗೂ ಹೆಸರಿದೆ, ಆದಿಸ್ತ್ಸೀನ್. ಗ್ರೀಸ್‌ವುಡ್ ಎಂಬ ಉಪ್ಪುನೆಲದ ಪೊದೆಯ ಸಪೂರ ಕಡ್ಡಿಗಳನ್ನು ಸಿಪ್ಪೆ ತೆಗೆದು ಒಟ್ಟಿಗೆ ಕಟ್ಟಿದ್ದು. ನಮ್ಮ ಮುದ್ದೆಕೋಲಿನ ಕೆಲಸವನ್ನೇ ಅದು ಮಾಡುತ್ತದೆ. ಆದರೆ ಅವರಲ್ಲಿ ಅದಕ್ಕೆ ಮರ್ಯಾದೆ ಜಾಸ್ತಿ. ಮನೆಯಲ್ಲಿ ಅದು ಇದ್ದರೆ ಹಸಿವು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ಇದೆ.

ಬೂದಿ ಯಾಕೆ ಹಾಕಬೇಕು? ಮೊದಲು ಕಣ್ಣಿಗೆ ಕಾಣುವುದು ಬಣ್ಣ. ನೀಲಿ ಜೋಳದ ಹಿಟ್ಟನ್ನು ಬರೀ ನೀರಿನಲ್ಲಿ ಬೇಯಿಸಿದರೆ ಮಂಕಾದ ನೇರಳೆ-ಬೂದು ಬಣ್ಣ ಬರುತ್ತದೆ. ಬೂದಿ ಬಿದ್ದರೆ ನೀಲಿ-ಹಸಿರಿಗೆ ತಿರುಗುತ್ತದೆ. ಜೋಳದ ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದು. ಹುಳಿ ಸೇರಿದರೆ ಅದು ಕೆಂಪಾಗುತ್ತದೆ, ಕ್ಷಾರ ಸೇರಿದರೆ ನೀಲಿಯಾಗುತ್ತದೆ. ಶಂಖಪುಷ್ಪದ ಚಹಾಕ್ಕೆ ನಿಂಬೆ ಹಿಂಡಿ ಆಟ ಆಡಿದವರಿಗೆ ಇದು ಗೊತ್ತು.

ಇನ್ನೊಂದು ಲಾಭ ಕಾಣುವುದಿಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ವಿಟಮಿನ್ ಇದ್ದರೂ ನಮ್ಮ ದೇಹಕ್ಕೆ ಸಿಗದ ಹಾಗೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಇರುತ್ತದೆ. ಬರೀ ಜೋಳ ತಿಂದು ಬದುಕಿದ ಯೂರೋಪಿನ ಬಡವರಿಗೆ ಪೆಲಾಗ್ರ ಎಂಬ ಕಾಯಿಲೆ ಬಂದದ್ದು ಇದರಿಂದಲೇ. ಅವರು ಅಮೆರಿಕದಿಂದ ಜೋಳ ಒಯ್ದರು, ಬೇಯಿಸುವ ಕ್ರಮ ಒಯ್ಯಲಿಲ್ಲ. ಮೆಕ್ಸಿಕೋದಲ್ಲಿ ಸುಣ್ಣದ ನೀರು ಹಾಕುತ್ತಿದ್ದರು, ಸುಣ್ಣ ಬಳಸದ ಕಡೆ ಬೂದಿ. ಕ್ಷಾರದಲ್ಲಿ ಬೆಂದಾಗ ಆ ಕಟ್ಟು ಬಿಚ್ಚುತ್ತದೆ.

ಮೂರನೆಯದು ಕ್ಯಾಲ್ಸಿಯಂ. ಹಾಲು ಅರಗದ ದೊಡ್ಡವರು ಅಲ್ಲಿ ತುಂಬ ಮಂದಿ. ಕುರಿ ಸಾಕುವುದೂ ಸ್ಪೇನಿನವರು ಬಂದ ಮೇಲೆ ಬಂದದ್ದು. ಹಾಗಾದರೆ ಮೂಳೆಗೆ ಏನು ಗತಿ? ನವಾಹೊ ಮನೆಗಳ ಜುನಿಪರ್ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಒಂದು ಗ್ರಾಂನಲ್ಲಿ ಸುಮಾರು 280 ಮಿಲಿಗ್ರಾಂ ಕ್ಯಾಲ್ಸಿಯಂ ಸಿಕ್ಕಿತು. ಒಂದು ಲೋಟ ಹಾಲಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಕ್ಯಾಲ್ಸಿಯಂಗೆ ಹೆಸರಾದ ನಮ್ಮ ರಾಗಿಯಲ್ಲಿ ಅಷ್ಟು ಬೇಕಾದರೆ 80 ಗ್ರಾಂ ಆಸುಪಾಸು ತಿನ್ನಬೇಕು. ನಾನು ಮೊದಲ ಸಲ ಈ ಲೆಕ್ಕ ನೋಡಿದಾಗ ಎರಡು ಸಲ ಕೂಡಿ ಕಳೆದೆ.

ಹಾಗಾಗಿ ನೀವು ತಿಂದ ಗಂಜಿಯ ಬಗ್ಗೆ ಭಯ ಬೇಡ. ಹಣೆಗೆ ಹಚ್ಚಿದ ವಿಭೂತಿಯನ್ನು ಒಂದಿಷ್ಟು ನಾಲಿಗೆಗೂ ಹಾಕಿಕೊಳ್ಳುವ ನಾವು ಬೂದಿಗೆ ಹೆದರುವುದೇ ಒಂದು ತಮಾಷೆ. ಆದರೆ ಎರಡು ಎಚ್ಚರಿಕೆ. ಬಣ್ಣ ಬಳಿದ ಹಲಗೆ, ಹಳೇ ಬೇಲಿಕಂಬ, ಬಾರ್ಬೆಕ್ಯೂ ಇದ್ದಿಲು, ಇವುಗಳ ಬೂದಿ ಬೇಡವೇ ಬೇಡ. ಮತ್ತೆ, ಜಾಸ್ತಿ ಒಳ್ಳೆಯದು ಅಂದುಕೊಂಡು ಸುರಿಯಬೇಡಿ. ನಾನೇ ಒಮ್ಮೆ ಕೈ ಜಾರಿಸಿ ಮೂರು ಚಮಚ ಹಾಕಿದ್ದೆ. ಗಂಜಿ ಸೋಪಿನ ನೀರಿನ ರುಚಿಗೆ ಬಂತು, ಅರ್ಧ ದಿನ ನಾಲಿಗೆ ದೊರಗಾಗಿತ್ತು.

ಬಳೆಯ ಕಥೆ ಬೇರೆ. ಜುನಿಪರ್‌ನ 'ಹಣ್ಣು' ನಿಜವಾಗಿ ಹಣ್ಣಲ್ಲ, ಪೈನ್ ಮರದ ಕಾಯಿಯ ಹಾಗೆ ಒಂದು ಶಂಕು. ಅದರ ಹೊರಪದರ ಮೆತ್ತಗಾಗಿ ಹಣ್ಣಿನಂತೆ ಕಾಣುತ್ತದೆ. ಒಳಗೆ ಗಟ್ಟಿ ಬೀಜ. ಯೂಟಾ ಜುನಿಪರ್‌ಗೆ ವಿಜ್ಞಾನಿಗಳು ಇಟ್ಟ ಹೆಸರಿನ ಅರ್ಥವೇ 'ಮೂಳೆಬೀಜದ್ದು' ಅಂತ. ಉದುರಿದ ಬೀಜದ ಒಂದು ತುದಿಯನ್ನು ಇರುವೆಗಳೋ ಸಣ್ಣ ಇಲಿಗಳೋ ಕೊರೆದು ಒಳಗಿನ ತಿರುಳು ತಿನ್ನುತ್ತವೆ. ಹೀಗೆ ಅರ್ಧ ತೂತಾದ ಬೀಜಗಳನ್ನೇ ಮರದ ಬುಡದಲ್ಲಿ, ಇರುವೆಗೂಡಿನ ಸುತ್ತ ಆಯುತ್ತಾರೆ. ಇನ್ನೊಂದು ತುದಿಗೆ ಮನುಷ್ಯ ತೂತು ಮಾಡಿದರೆ ಮಣಿ ತಯಾರು. ನಿಮ್ಮ ಬಳೆಯ ಒಂದು ಬೀಜವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ತೂತು ಒರಟಾಗಿ, ಇನ್ನೊಂದು ಕಡೆ ನೇರವಾಗಿ ಇರಬಹುದು. ಒರಟಾದ್ದು ಇರುವೆಯ ಪಾಲು.

ಮರ, ಇರುವೆ, ಮಣ್ಣು, ಮನುಷ್ಯ ಎಲ್ಲ ಸೇರಿ ಮಾಡಿದ ಮಣಿ ಎಂಬುದೇ ಅದರ ಶಕ್ತಿ ಎನ್ನುತ್ತಾರೆ. ಮಕ್ಕಳ ಕೈಗೆ, ತೊಟ್ಟಿಲಿಗೆ ಕಟ್ಟುವ ಪದ್ಧತಿ ಇದೆ. ಪ್ರವಾಸಿಗರ ಅಂಗಡಿಗಳಲ್ಲಿ ಇದನ್ನು 'ದೆವ್ವದ ಮಣಿ' ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಮಾರುತ್ತಾರೆ. ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ಇದು ದೆವ್ವ ಕರೆಯುವ ಮಣಿ ಅಲ್ಲ, ದೂರ ಇಡುವ ಮಣಿ. ನಿಮ್ಮ ಮಗು ಕಟ್ಟಿಕೊಳ್ಳಬಹುದು, ಮಾರುವವರಿಗೆ ಅದರಲ್ಲಿ ಬೇಸರವಿಲ್ಲ. ಎಳೆ ಮಗುವಾದರೆ ಮಾತ್ರ ಕೈಗೆ ಬೇಡ. ದಾರ ಕಿತ್ತು ಮಣಿ ಬಾಯಿಗೆ ಹೋದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎಟುಕದ ಎತ್ತರದಲ್ಲಿ ತೂಗುಹಾಕಿ.

ಹೇಗೂ ತೊಟ್ಟಿಲಿನ ಮಾತು ಬಂತು. ಕ್ಲಿಫ್‌ರೋಸ್ ಎಂಬ ಬಿಳಿ ಹೂವಿನ ಪೊದೆ ಅಲ್ಲಿ ಬಂಡೆ ಅಂಚುಗಳಲ್ಲಿ ಬೆಳೆಯುತ್ತದೆ. ಅದರ ತೊಗಟೆಯನ್ನು ಉಜ್ಜಿದರೆ ಹತ್ತಿಯ ಹಾಗೆ ಮೆತ್ತಗಾಗುತ್ತದೆ. ಹಿಂದೆ ಅದನ್ನೇ ತೊಟ್ಟಿಲಿಗೆ ಹಾಸಿ ಮಗುವನ್ನು ಮಲಗಿಸುತ್ತಿದ್ದರು. ನೆನೆದದ್ದನ್ನು ಎಸೆದು ಹೊಸದು ಹಾಕಿದರಾಯಿತು. ತೊಟ್ಟಿಲಿಗೂ ಆ ಗಿಡಕ್ಕೂ ನವಾಹೊ ಭಾಷೆಯಲ್ಲಿ ಒಂದೇ ಹೆಸರು.

ಯುಕ್ಕಾ ನಿಮ್ಮ ಫೀನಿಕ್ಸಿನ ಬೀದಿಗಳಲ್ಲೂ ಕಾಣುತ್ತದೆ. ಕತ್ತಿಯಂಥ ಎಲೆಯ ಗಿಡ. ಅದರ ಬೇರು ಜಜ್ಜಿ ನೀರಿನಲ್ಲಿ ಉಜ್ಜಿದರೆ ನೊರೆ ಬರುತ್ತದೆ, ನಮ್ಮ ಅಂಟುವಾಳದಲ್ಲಿರುವ ಸಪೋನಿನ್ ಎಂಬ ವಸ್ತುವೇ ಇದರಲ್ಲೂ ಇದೆ. ತಲೆ ತೊಳೆಯುವುದಕ್ಕೆ ಇದೇ ಸೋಪು. ಹುಡುಗಿ ಮೈನೆರೆದಾಗ ಮಾಡುವ ಕಿನಾಲ್ದಾ ಎಂಬ ನಾಲ್ಕು ದಿನದ ಸಂಪ್ರದಾಯದಲ್ಲಿ ಯುಕ್ಕಾ ನೊರೆಯಿಂದ ಆಕೆಯ ತಲೆ ತೊಳೆಯುತ್ತಾರೆ. ಆಕೆ ದಿನಾ ಪೂರ್ವ ದಿಕ್ಕಿಗೆ ಓಡುತ್ತಾಳೆ. ಕೊನೆಯ ರಾತ್ರಿ ನೆಲದಲ್ಲಿ ಗುಂಡಿ ತೋಡಿ, ಜೋಳದ ಸಿಪ್ಪೆ ಹಾಸಿ, ದೊಡ್ಡ ಮೆಕ್ಕೆಜೋಳದ ಕೇಕನ್ನು ಬೆಳಗಿನವರೆಗೆ ಬೇಯಿಸುತ್ತಾರೆ. ಅದನ್ನು ಎಲ್ಲರಿಗೂ ಹಂಚುತ್ತಾರೆ. ಮಾಡಿದವಳು ಮಾತ್ರ ತಿನ್ನುವುದಿಲ್ಲ.

ಪಿನ್ಯೋನ್ ಬಗ್ಗೆ ಹೇಳದೆ ಜುನಿಪರ್ ಕಥೆ ಮುಗಿಯುವುದಿಲ್ಲ. ಅದರ ಅಂಟಿನಿಂದ ಬುಟ್ಟಿಗೆ ಲೇಪ ಕೊಟ್ಟು ನೀರಿನ ಪಾತ್ರೆ ಮಾಡುತ್ತಾರೆ, ಗಾಯಕ್ಕೂ ಹಚ್ಚುತ್ತಾರೆ. ಕಂಬಳಿ ನೂಲಿನ ಕಪ್ಪು ಬಣ್ಣಕ್ಕೂ ಅದು ಬೇಕು. ಸುಮಾಕ್ ಪೊದೆಯ ಎಲೆ-ಕಡ್ಡಿಗಳ ಕಷಾಯಕ್ಕೆ, ಹಳದಿ ಕಾವಿಮಣ್ಣನ್ನು ಪಿನ್ಯೋನ್ ಅಂಟಿನ ಜೊತೆ ಹುರಿದು ಮಾಡಿದ ಕರಿ ಪುಡಿ ಸೇರಿಸುತ್ತಾರೆ. ಮಣ್ಣಿನ ಕಬ್ಬಿಣ ಮತ್ತು ಎಲೆಯ ಟ್ಯಾನಿನ್ ಸೇರಿ ಶಾಯಿಯಂಥ ಕಪ್ಪಾಗುತ್ತದೆ. ರ‍್ಯಾಬಿಟ್‌ಬ್ರಷ್ ಹೂವಿನಿಂದ ಹಳದಿ, ಕಾಡು ಅಕ್ರೋಟಿನ ಸಿಪ್ಪೆಯಿಂದ ಕಂದು. ನ್ಯೂ ಮೆಕ್ಸಿಕೋದ ಫೋರ್ಟ್ ವಿಂಗೇಟ್ ಶಾಲೆಯಲ್ಲಿ ನೇಯ್ಗೆ ಕಲಿಸುತ್ತಿದ್ದ ನವಾಹೊ ಶಿಕ್ಷಕಿ ನೋನಬಾ ಬ್ರಯನ್ ಇಂಥ ಬಣ್ಣಗಳನ್ನು ಒಂದೊಂದಾಗಿ ಕುದಿಸಿ ನೋಡಿ ಪಾಕ ಹೊಂದಿಸಿದರು. 1940ರಲ್ಲಿ ಅದು ಅಚ್ಚಾಯಿತು.

ಪಿನ್ಯೋನ್ ಬೀಜ ತಿನ್ನಲು ಬಲು ರುಚಿ. ಆದರೆ ಎಲ್ಲ ವರ್ಷ ಸಿಗುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಮರ ಭರ್ತಿ ಬಿಡುತ್ತದೆ. 1993ರಲ್ಲಿ ಅಲ್ಲಿ ಗಟ್ಟಿಮುಟ್ಟಾದ ಯುವಕರು ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಸಾಯತೊಡಗಿದರು. ವೈದ್ಯರಿಗೆ ದಿಕ್ಕು ತೋಚಲಿಲ್ಲ. ನವಾಹೊ ಹಿರಿಯರು ಹೇಳಿದ್ದು ಇಷ್ಟು: ಮಳೆ-ಹಿಮ ಜಾಸ್ತಿಯಾದ ವರ್ಷ ಪಿನ್ಯೋನ್ ಬೀಜ ಜಾಸ್ತಿ, ಬೀಜ ಜಾಸ್ತಿಯಾದರೆ ಇಲಿ ಜಾಸ್ತಿ, ಇಲಿ ಮನೆ ಸೇರಿದರೆ ಸಾವು. 1918ರಲ್ಲಿ, 1933ರಲ್ಲಿ ಹೀಗೇ ಆಗಿತ್ತು ಎಂದರು. ಕಾರಣ ನೋಡಿದರೆ ಹ್ಯಾಂಟಾ ಗುಂಪಿನ ಹೊಸ ವೈರಸ್, ಹರಡುತ್ತಿದ್ದದ್ದು ಜಿಂಕೆ ಇಲಿ ಎಂಬ ಪುಟ್ಟ ಇಲಿ. ಆ ವರ್ಷ ಇಲಿಗಳ ಸಂಖ್ಯೆಯೂ ಏರಿತ್ತು. ಗಿಡಮೂಲಿಕೆ ಜ್ಞಾನ ಅಂದರೆ ನಾವು ಕಷಾಯದ ಪಟ್ಟಿ ಅಂದುಕೊಳ್ಳುತ್ತೇವೆ. ಮರ ಯಾವ ವರ್ಷ ಎಷ್ಟು ಬಿಟ್ಟಿತು, ಆಮೇಲೆ ಏನಾಯಿತು ಎಂದು ತಲೆಮಾರುಗಟ್ಟಲೆ ನೆನಪಿಡುವುದೂ ಅದರೊಳಗೇ ಬರುತ್ತದೆ.

ಈ ನೆನಪಿಗೆ ಒಮ್ಮೆ ದೊಡ್ಡ ಪೆಟ್ಟು ಬಿದ್ದಿತ್ತು. 1864ರಲ್ಲಿ ಅಮೆರಿಕದ ಸೈನ್ಯ ಅವರ ಹೊಲ, ಪೀಚ್ ತೋಟ ಕಡಿದು ಹಾಕಿ, ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿ ಬೋಸ್ಕೆ ರೆಡೋಂಡೊ ಎಂಬ ಬಯಲಿಗೆ ತಂದು ಕೂಡಿಹಾಕಿತು. ಅಲ್ಲಿ ಗದ್ ಇಲ್ಲ, ಪಿನ್ಯೋನ್ ಇಲ್ಲ. ಸೌದೆಗಾಗಿ ಮೈಲಿಗಟ್ಟಲೆ ಹೋಗಿ ಮೆಸ್ಕೀಟ್ ಬೇರು ಅಗೆಯಬೇಕಿತ್ತು. ಜೋಳದ ಬದಲು ಬಿಳಿ ಹಿಟ್ಟಿನ ಪಡಿ. 1868ರ ಒಪ್ಪಂದದ ಮೇಲೆ ಅವರು ತಮ್ಮ ನೆಲಕ್ಕೆ ಮರಳಿದರು. ಆದರೆ ಬಿಳಿ ಹಿಟ್ಟು, ಎಣ್ಣೆ, ಸಕ್ಕರೆ ಹಿಂದೆಯೇ ಬಂದವು. ಡಯಾಬಿಟಿಸ್ ಈಗ ಅಲ್ಲಿಯ ದೊಡ್ಡ ತಲೆನೋವು. 2014ರಲ್ಲಿ ನವಾಹೊ ಸರ್ಕಾರ ಜಂಕ್ ಫುಡ್ ಮೇಲೆ ಶೇಕಡಾ 2 ತೆರಿಗೆ ಹಾಕಿತು. ನೀಲಿ ಗಂಜಿ ಮತ್ತೆ ಶಾಲೆ, ಹೋಟೆಲ್ ಕಡೆ ಬರುತ್ತಿರುವುದಕ್ಕೆ ಈ ಹಿನ್ನೆಲೆಯೂ ಇದೆ.

ಈಗ ತಂಗಿಯ ಕಷಾಯ. ಹೆರಿಗೆಯ ಸುತ್ತಮುತ್ತ ನವಾಹೊ ಹೆಂಗಸರು ಜುನಿಪರ್ ಬಳಸಿದ ದಾಖಲೆಗಳಿವೆ, ನೀವು ಓದಿದ್ದು ಸರಿ. ಆದರೆ ಆನ್‌ಲೈನ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಬೇರೆ ಜಾತಿಯ ಜುನಿಪರ್. ಜಿನ್ ಎಂಬ ಮದ್ಯಕ್ಕೆ ವಾಸನೆ ಕೊಡುವುದು ಅದೇ, ಆಯುರ್ವೇದದಲ್ಲಿ ಹಪುಷಾ ಎನ್ನುವುದೂ ಅದನ್ನೇ. ಅದು ಗರ್ಭಕೋಶವನ್ನು ಕೆರಳಿಸಬಹುದು, ಹೆಚ್ಚು ದಿನ ಕುಡಿದರೆ ಕಿಡ್ನಿಗೂ ತೊಂದರೆ. ಬಸುರಿಯರಿಗಂತೂ ಕೂಡದು. ಹಾಲುಣಿಸುವವರಿಗೂ ಬೇಡ ಎಂದೇ ಹೇಳುತ್ತಾರೆ. ನಿಮ್ಮ ತಂಗಿಗೆ ಏನಾದರೂ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ನವಾಹೊ ವೈದ್ಯನಿಗೆ ಹತಾಲಿ ಎನ್ನುತ್ತಾರೆ. ಆ ಪದಕ್ಕೆ ಹಾಡುವವನು ಎಂದು ಅರ್ಥ. ಹಾಡು, ಪ್ರಾರ್ಥನೆ, ಜೋಳದ ಪರಾಗ ಎಲ್ಲ ಸೇರಿ ಒಂಬತ್ತು ರಾತ್ರಿ ನಡೆಯುವ ಕ್ರಮಗಳೂ ಇವೆ. ಗಿಡ ಕೀಳುವ ಮೊದಲು ಅದಕ್ಕೆ ಪರಾಗ ಅರ್ಪಿಸಿ, ಯಾರಿಗಾಗಿ ಯಾವುದಕ್ಕಾಗಿ ಕೇಳುತ್ತಿದ್ದೇನೆ ಎಂದು ಹೇಳುತ್ತಾರೆ. ಬೇಕಾದಷ್ಟೇ ಕೀಳುತ್ತಾರೆ. ಅದರಿಂದ ಎಲೆ ಮಾತ್ರ ಬೇರ್ಪಡಿಸಿ 'ನವಾಹೊ ಔಷಧಿ' ಅಂದರೆ ಅದು ಅವರ ಔಷಧಿ ಆಗಿ ಉಳಿಯುವುದಿಲ್ಲ. ಯಾರೋ ಹೇಳಲಿಲ್ಲ ಅಂತ ಒತ್ತಾಯ ಮಾಡಿ ಕೇಳುವುದೂ ಸರಿಯಲ್ಲ. ಗಂಜಿ, ಬಳೆ, ಕಂಬಳಿ ಇವು ಅವರು ತಾವಾಗಿಯೇ ಮಾರುವ, ಹಂಚುವ ವಿಷಯಗಳು. ಅಲ್ಲಿ ಎಷ್ಟು ಬೇಕಾದರೂ ಕೇಳಿ.

ನೀವೇ ಕಾರು ನಿಲ್ಲಿಸಿ ಕೊಂಬೆ ಮುರಿದು ತರುವ ಯೋಚನೆ ಇದ್ದರೆ ಅದನ್ನೂ ಬಿಡಿ. ಅದು ಅವರ ನೆಲ, ಅನುಮತಿ ಇಲ್ಲದೆ ಕೀಳುವಂತಿಲ್ಲ. ಮೇಲಾಗಿ 1944ರಿಂದ 1986ರವರೆಗೆ ಅಲ್ಲಿ ಯುರೇನಿಯಂ ಗಣಿಗಾರಿಕೆ ನಡೆದಿದೆ. ಪಾಳುಬಿದ್ದ ಗಣಿಗಳೇ 500ಕ್ಕೂ ಜಾಸ್ತಿ. ಯಾವ ಗುಡ್ಡದ ಗಿಡ ಅಡುಗೆಗೆ ಆಗುತ್ತದೆ, ಯಾವುದರ ಹತ್ತಿರ ಹೋಗಬಾರದು ಅನ್ನುವುದು ಅಲ್ಲಿಯವರಿಗೆ ಗೊತ್ತು, ನಮಗಲ್ಲ.

ಬೂದಿ ಬೇಕೇ ಬೇಕು ಅಂದರೆ ನ್ಯೂ ಮೆಕ್ಸಿಕೋದ ಗ್ಯಾಲಪ್ ಊರಿನ ಶನಿವಾರದ ಸಂತೆಗೆ ಒಮ್ಮೆ ಹೋಗಿ. ಬೂದಿಯ ಸಣ್ಣ ಪೊಟ್ಟಣ, ನೀಲಿ ಹಿಟ್ಟು, ಕಾಲ ಕೂಡಿಬಂದರೆ ಪಿನ್ಯೋನ್ ಬೀಜ ಎಲ್ಲ ಅಲ್ಲಿ ನೋಡಬಹುದು. ನವಾಹೊ ಚಹಾ ಅಂತ ಒಣಗಿದ ಕಡ್ಡಿಗಳನ್ನು ಮಡಚಿ ದಾರ ಸುತ್ತಿದ ಪುಟ್ಟ ಕಟ್ಟುಗಳಿರುತ್ತವೆ, ಅದನ್ನೂ ತನ್ನಿ. ಕಾಫಿ-ಟೀಯ ಕೆಫೀನ್ ಅದರಲ್ಲಿಲ್ಲ, ಒಂದು ಕಟ್ಟನ್ನು ಹಾಗೇ ನೀರಿಗೆ ಹಾಕಿ ಕುದಿಸಿದರೆ ಜೇನಿನ ಬಣ್ಣ ಬಿಡುತ್ತದೆ. ಬೂದಿ ಕೊಳ್ಳುವಾಗ ಮಾತ್ರ 'ಹಸಿರೆಲೆಯದ್ದಾ, ಸೌದೆಯದ್ದಾ?' ಅಂತ ಕೇಳಲು ಮರೆಯಬೇಡಿ. ಆ ಪ್ರಶ್ನೆ ಕೇಳಿದ ಕೂಡಲೇ ಮಾರುವ ಅಜ್ಜಿ ನಿಮ್ಮನ್ನು ಇನ್ನೊಂದು ಸಲ ತಲೆಯೆತ್ತಿ ನೋಡುತ್ತಾರೆ.